ಇಷ್ಟೊಂದು ಮೆಷಿನ್ ಇದ್ದರೂ ವಿಮಾನ ಬೆಟ್ಟಕ್ಕೆ ಹೇಗೆ ಗುದ್ದುತ್ತದೆ?

ಒಂಟಿಕೊಪ್ಪಲು_ಹುಡುಗ:
ನಿನ್ನೆ ಬೆಳಿಗ್ಗೆ ಬೈಕಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ಮಂಜು ಎಷ್ಟಿತ್ತು ಅಂದರೆ ಮುಂದಿದ್ದ ಬಸ್ಸಿನ ಹಿಂದಿನ ಲೈಟು ಮಾತ್ರ ಕಾಣುತ್ತಿತ್ತು, ಬಸ್ಸೇ ಕಾಣುತ್ತಿರಲಿಲ್ಲ. ನಾನೇನೋ ಇಪ್ಪತ್ತರ ಸ್ಪೀಡಲ್ಲಿ ತೆವಳಿಕೊಂಡು ಹೋದೆ, ವಿಮಾನ ಹಾಗೆ ಮಾಡುವ ಹಾಗಿಲ್ಲ. ಆದರೆ ಅದರಲ್ಲಿ ಎತ್ತರದ ಮೀಟರ್ ಇದೆ, ರಾಡಾರ್ ಇದೆ, ಇಬ್ಬರು ಪೈಲಟ್ ಇರುತ್ತಾರೆ. ಆದರೂ ಗುದ್ದುತ್ತದೆ ಅಂದರೆ ಇಂಜಿನ್ ಕೈಕೊಟ್ಟಿರಬೇಕು ಅಲ್ವಾ?

ರೆಕ್ಕೆ_ಪುರಾಣ:
ಇಲ್ಲ ಗುರು, ಬೆಟ್ಟಕ್ಕೆ ಗುದ್ದಿದ ಎಷ್ಟೋ ವಿಮಾನಗಳಲ್ಲಿ ಎಲ್ಲ ಸರಿಯಾಗೇ ಇತ್ತು. ಇದಕ್ಕೆ ಸಿಫಿಟ್ (CFIT) ಅನ್ನುತ್ತಾರೆ, ಅಂದರೆ ಪೈಲಟ್ ಹಿಡಿತದಲ್ಲೇ ಇರುವ ವಿಮಾನ ನೆಲಕ್ಕೋ ಬೆಟ್ಟಕ್ಕೋ ಗುದ್ದುವುದು. ಆ ಮೀಟರ್ ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಲೆಕ್ಕ ಕೊಡುತ್ತದೆ. 3,000 ಅಡಿಯಲ್ಲಿ ಮೋಡದೊಳಗೆ ಮಂಡ್ಯದ ಮೇಲೆ ಹೋದರೆ ಕಬ್ಬಿನ ಗದ್ದೆ ಇನ್ನೂ ನೂರಾರು ಅಡಿ ಕೆಳಗಿರುತ್ತದೆ. ಅದೇ ಎತ್ತರದಲ್ಲಿ ಮೈಸೂರಿಗೆ ಬಂದರೆ ಸೀದಾ ಚಾಮುಂಡಿ ಬೆಟ್ಟದ ಹೊಟ್ಟೆಗೆ, ತುದಿ 3,400 ಅಡಿ ದಾಟುತ್ತದಲ್ಲ. ಎತ್ತರ ಸರಿಯಾಗಿ ಗೊತ್ತಿದ್ದೂ ಜಾಗ ತಪ್ಪಿದರೆ ಮುಗಿಯಿತು.
1966ರ ಜನವರಿ 24ರಂದು ಹೋಮಿ ಭಾಭಾ ಇದ್ದ ಏರ್ ಇಂಡಿಯಾ ವಿಮಾನಕ್ಕೆ ಆಗಿದ್ದು ಇದೇ. ಜಿನೀವಾದಲ್ಲಿ ಇಳಿಯಬೇಕಿತ್ತು. ಜಾಗ ತೋರಿಸುವ ಒಂದು ರಿಸೀವರ್ ಕೆಟ್ಟಿತ್ತು. ಆಲ್ಪ್ಸ್‌ನ ಮೊಂಬ್ಲಾಂ ಬೆಟ್ಟ ಇನ್ನೂ ಮುಂದಿದೆ ಅಂತ ಕಂಟ್ರೋಲರ್ ಹೇಳಿದ್ದನ್ನು ಪೈಲಟ್, ದಾಟಿ ಆಯಿತು ಅಂತ ತಿಳಿದು ಇಳಿಯುತ್ತಾ ಹೋದರು ಅನ್ನುವುದು ತನಿಖೆಯ ಮಾತು. ಆ ಬೆಟ್ಟಕ್ಕೇ ಗುದ್ದಿ 117 ಜನರೂ ಹೋದರು. (ಪಿತೂರಿ ಕಥೆಗಳು ಬೇರೆ ಇವೆ, ದಯವಿಟ್ಟು ಇಲ್ಲಿ ಶುರು ಮಾಡಬೇಡಿ.)

ಮದ್ದೂರು_ವಡೆ:
ಅದು ಹಳೇ ಕಾಲ ಬಿಡಿ. ಈಗ ಬೆಟ್ಟ ಹತ್ತಿರ ಬಂದರೆ ಮೆಷಿನ್ನೇ ಕೂಗಿಕೊಳ್ಳುತ್ತದಂತಲ್ಲ?

ರೆಕ್ಕೆ_ಪುರಾಣ:
ಹೌದು. ಮೊದಲಿನದು ನೇರ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿತ್ತು, ಎದುರಿಗೆ ಗೋಡೆ ಥರ ಬೆಟ್ಟ ಎದ್ದರೆ ಅದಕ್ಕೆ ಗೊತ್ತಾಗುವಷ್ಟರಲ್ಲಿ ತಡ. ಈಗಿನದರಲ್ಲಿ ಬೆಟ್ಟಗುಡ್ಡಗಳ ನಕ್ಷೆಯೇ ತುಂಬಿರುತ್ತದೆ, ಜಿಪಿಎಸ್ ಜೊತೆ ತಾಳೆ ನೋಡಿ ಮುಂಚೆಯೇ ಎಚ್ಚರಿಸುತ್ತದೆ. ಇದರಿಂದ ಇಂಥ ಅಪಘಾತ ತುಂಬಾ ಕಡಿಮೆಯಾಗಿದೆ.
ಆದರೆ 2010ರ ಜುಲೈ 28, ಇಸ್ಲಾಮಾಬಾದ್, ಪಾಕಿಸ್ತಾನದ ಏರ್‌ಬ್ಲೂ ಕಂಪನಿಯ ವಿಮಾನ, ಮಳೆಗಾಲದ ಮೋಡ. ರನ್‌ವೇ ಸುತ್ತಿ ಇಳಿಯಲು ಹೋಗಿ ಸುರಕ್ಷಿತ ಜಾಗದಿಂದ ಆಚೆ ಮಾರ್ಗಲ್ಲಾ ಬೆಟ್ಟಗಳ ಕಡೆ ಹೋದರು. ಮೆಷಿನ್ ಮತ್ತೆ ಮತ್ತೆ ಕೂಗಿತು. ಕೋಪೈಲಟ್ ಕೂಡ ತಿರುಗಿಸಿ ಸರ್, ಮೇಲೆತ್ತಿ ಸರ್ ಅಂದ. ಕೈ ಹಾಕಿ ತಾನೇ ತಿರುಗಿಸಲಿಲ್ಲ. ಕ್ಯಾಪ್ಟನ್ ಹಾರಾಟದ ಶುರುವಿನಿಂದ ಅವನನ್ನು ಗದರಿಸಿ ಕುಗ್ಗಿಸಿದ್ದರು ಅಂತ ವರದಿಯಲ್ಲೇ ಇದೆ. ಬೆಟ್ಟಕ್ಕೆ ಗುದ್ದಿ 152 ಜನರೂ ಹೋದರು.

ಮದ್ದೂರು_ವಡೆ:
ನಮ್ಮಪ್ಪ ಬಸ್ ಡ್ರೈವರ್ ಆಗಿದ್ದರು. ಹೊಸ ಕಂಡಕ್ಟರ್‌ಗಳಿಗೆ ಮೊದಲ ದಿನವೇ ಹೇಳುತ್ತಿದ್ದರಂತೆ, ಭಯ ಆದರೆ ಸೀಟಿ ಹೊಡಿ, ಬೈಯೋದು ಆಮೇಲೆ ನೋಡ್ಕೊಳ್ಳೋಣ ಅಂತ.

ಒಂಟಿಕೊಪ್ಪಲು_ಹುಡುಗ:
ಇಂಜಿನ್ ಅಂದುಕೊಂಡಿದ್ದೆ, ಇದು ಬೇರೆಯೇ ಕಥೆ. ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿಗೆ ಬರುವ ಫ್ಯಾನ್ ಇರುವ ವಿಮಾನದಲ್ಲೂ ಆ ಕೂಗುವ ಮೆಷಿನ್ ಇರುತ್ತಾ?

ರೆಕ್ಕೆ_ಪುರಾಣ:
ಎಟಿಆರ್ ತಾನೆ, ಇರುತ್ತದೆ. ಆರಾಮಾಗಿ ಹೋಗಿ ಬನ್ನಿ. ಕಿಟಕಿ ಸೀಟು ತಗೊಳ್ಳಿ.