ಅಪ್‌ಡೇಟ್: ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕಾಗಲಿಲ್ಲ, ಎಡಿಟಿಂಗ್ ಮುಗೀತು

ಹೋದ ವಾರ ಕೇಳಿದ್ದೆನಲ್ಲ, ಮಂಡ್ಯದ ಆಲೆಮನೆ ಬಗ್ಗೆ ಲೋಕಲ್ ಚಾನೆಲ್‌ಗೆ ಮಾಡ್ತಿರೋ ಅರ್ಧ ಗಂಟೆ ಕಾರ್ಯಕ್ರಮ, 4ಕೆ ಫುಟೇಜ್ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಓಡ್ತಾನೇ ಇಲ್ಲ ಅಂತ. ಕೊಪ್ಪರಿಗೆಯಿಂದ ಪಾಕ ಸುರಿಯೋ ಶಾಟ್ ಬಂದ್ರೆ ಸಾಕು, ಚಿತ್ರ ಅಲ್ಲೇ ನಿಂತು ಆಡಿಯೋ ಮಾತ್ರ ಮುಂದೆ ಹೋಗೋದು. ಅಂಗಡಿಯವರು 40,000 ರೂಪಾಯಿ ಕಾರ್ಡ್ ಹಾಕಿಸಿ ಅಂದಿದ್ರು. ಈ ಕೆಲಸಕ್ಕೆ ನನಗೆ ಸಿಗೋದೇ ಅಷ್ಟಿಲ್ಲ.

ಗೆಳೆಯನ ರ‍್ಯಾಮ್ ತಂದು 32 ಜಿಬಿ ಮಾಡಿದೆ, ಏನೂ ಬದಲಾಗಲಿಲ್ಲ. ಎಸ್‌ಎಸ್‌ಡಿಗೆ ಹಾಕಿದ್ರೂ ಅಷ್ಟೇ.

ಕೆಲಸ ಮಾಡಿದ್ದು ಪ್ರಾಕ್ಸಿ, ಅಂದ್ರೆ ಎಡಿಟ್ ಮಾಡೋಕಷ್ಟೇ ಬಳಸೋ ಹಗುರವಾದ ನಕಲು ಫೈಲ್. ಸಲಹೆ ಕೊಟ್ಟವರಿಗೆ ಕೈ ಮುಗೀತೀನಿ. ನನ್ನ ಫುಟೇಜ್ ಇದ್ದ ಎಚ್.265 ಅನ್ನೋ ಕಂಪ್ರೆಷನ್ ಫಾರ್ಮ್ಯಾಟ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರಲ್ಲ, ಹಿಂದೆ ಮುಂದಿನ ಫ್ರೇಮ್ ನೋಡಿ ಕಂಪ್ಯೂಟರ್ ಲೆಕ್ಕ ಹಾಕ್ಬೇಕು; ತಿಣುಕಾಟ ಅಲ್ಲೇ ಇದ್ದದ್ದು. ರಾತ್ರಿ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ (ಪ್ರತಿ ಫ್ರೇಮೂ ಪೂರ್ತಿ ಇರೋ ಫಾರ್ಮ್ಯಾಟ್) ಪ್ರಾಕ್ಸಿಗೆ ಹಾಕಿ ಮಲಗಿದೆ. ನಾಲ್ಕು ಗಂಟೆ ಫುಟೇಜ್‌ಗೆ ಸುಮಾರು 65 ಜಿಬಿ ಜಾಗ ಹಿಡೀತು, ಬೆಳಗ್ಗೆ ಪಾಕದ ಶಾಟ್ ನೀರಿನಂಗೆ ಓಡ್ತು! ಫೈನಲ್ ರೆಂಡರ್ ಮೂಲ ಫೈಲಿಂದಲೇ ಆಗುತ್ತೆ, ಕ್ವಾಲಿಟಿ ಭಯ ಬೇಡ.

ಇನ್ನೊಂದು ಗೊತ್ತೇ ಇರಲಿಲ್ಲ. ಮೊಬೈಲ್‌ನಲ್ಲಿ ತೆಗೆದ ಸಂದರ್ಶನದಲ್ಲಿ ತುಟಿಗೂ ಮಾತಿಗೂ ತಾಳೆ ತಪ್ಪೋಕೆ ವೇರಿಯಬಲ್ ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಒಂದೇ ಸಮ ಇಲ್ಲದಿರೋದು, ಕಾರಣವಂತೆ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಾಯಿಸೋ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ 25ಕ್ಕೆ (ಸೆಕೆಂಡಿಗೆ ಸದಾ 25 ಫ್ರೇಮ್) ಬದಲಾಯಿಸಿದೆ, ಸರಿಹೋಯ್ತು. ನಿನ್ನೆ ಚಾನೆಲ್‌ಗೆ ಕಳಿಸಿದೆ.