ಫ್ಲೈ ರಾಡ್, ಲೈನ್, ನಾಟಿ ಹುಂಜದ ಗರಿ: ಕೇಳಿದವರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್, ಬೆಂಗಳೂರಿನವನು. ಚಿಕ್ಕಂದಿನಿಂದ ಕೆರೆಯಲ್ಲಿ ಗಾಳ ಹಾಕಿದ್ದೇನೆ, ಎರೆಹುಳ, ಹಿಟ್ಟಿನ ಉಂಡೆ ಎಲ್ಲ ಗೊತ್ತು. ಫ್ಲೈ ಫಿಶಿಂಗ್ ಮಾತ್ರ ಹೊಸದು. ಸೆಪ್ಟೆಂಬರ್ ಕೊನೆಯಲ್ಲಿ ಹಿಮಾಚಲದ ತೀರ್ಥನ್ ನದಿಗೆ ಟ್ರೌಟ್ ಹಿಡಿಯಲು ಹೋಗುತ್ತಿದ್ದೇವೆ. ಆನ್‌ಲೈನ್‌ನಲ್ಲಿ ಒಂದು ಸೆಟ್ ತರಿಸಿದೆ. ರಾಡ್ ಮೇಲೆ 8 ಅಂತ ಇದೆ, ಜೊತೆಗೆ ಬಂದ ಲೈನ್ ಮೇಲೆ 5 ಅಂತ ಇದೆ. ಎಸೆದರೆ ಲೈನ್ ಕಾಲ ಬುಡದಲ್ಲೇ ಗುಡ್ಡೆ ಬೀಳುತ್ತದೆ. ತಪ್ಪು ನನ್ನದಾ, ಸೆಟ್‌ದಾ?

ಉತ್ತರ: ಎರಡೂ ಇರಬಹುದು, ಆದರೆ ಮೊದಲ ತಪ್ಪು ಸೆಟ್‌ದು. ಕೆರೆ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ, ಅಲ್ವಾ? ಇಲ್ಲಿ ಉಲ್ಟಾ. ಫ್ಲೈ ಅಂದರೆ ಕೊಕ್ಕೆಗೆ ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿದ್ದು, ಅದಕ್ಕೆ ತೂಕವೇ ಇಲ್ಲ ಅನ್ನಬಹುದು, ಲೈನ್‌ನ ತೂಕವೇ ಅದನ್ನು ಹೊತ್ತುಕೊಂಡು ಹೋಗಬೇಕು, ಆ ತೂಕಕ್ಕೆ ರಾಡ್ ಬಾಗಬೇಕು. 5ನೇ ನಂಬರ್ ಲೈನ್‌ನ ಮೊದಲ 30 ಅಡಿ ಸುಮಾರು 9 ಗ್ರಾಂ ಇರುತ್ತದೆ. 8ನೇ ನಂಬರಿನದು ಹದಿಮೂರೂವರೆ ಗ್ರಾಂ. 8ರ ರಾಡ್‌ಗೆ 9 ಗ್ರಾಂ ಕೊಟ್ಟರೆ ಅದು ಬಾಗುವುದೇ ಇಲ್ಲ, ಕೋಲು ಬೀಸಿದ ಹಾಗೆ ಆಗುತ್ತದೆ.

ಈ ರಾಡ್ ಎತ್ತಿಡಿ, ದೊಡ್ಡ ಮೀನಿಗೆ ಮುಂದೆ ಬೇಕಾಗುತ್ತದೆ. ತೀರ್ಥನ್‌ಗೆ 9 ಅಡಿಯ, 5ನೇ ನಂಬರಿನ, ನಾಲ್ಕು ತುಂಡಿನ ರಾಡ್ ಸಾಕು. ರೀಲ್‌ಗೆ ದುಡ್ಡು ಸುರಿಯಬೇಡಿ. ಅಲ್ಲಿನ ಟ್ರೌಟ್‌ಗೆ ರೀಲ್ ಅಂದರೆ ಲೈನ್ ಸುತ್ತಿಡುವ ಡಬ್ಬಿ, ಅಷ್ಟೇ. ಉಳಿದ ದುಡ್ಡನ್ನು ಲೈನ್‌ಗೆ ಹಾಕಿ. ಒಳ್ಳೆ ಲೈನ್ ಇದ್ದರೆ ಅಗ್ಗದ ರಾಡ್ ಕೂಡ ಮಾತು ಕೇಳುತ್ತದೆ, ಕೆಟ್ಟ ಲೈನ್ ಹಾಕಿದರೆ ದುಬಾರಿ ರಾಡ್ ಕೂಡ ಕೇಳುವುದಿಲ್ಲ. ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡ ಮೇಲೆ, ಮೂರು ರೀಲ್ ಇನ್ನೂ ಅಟ್ಟದ ಮೇಲಿವೆ.

ಹೊರಡುವ ಮುಂಚೆ ಒಂದು ತಿಂಗಳು ಮೈದಾನದಲ್ಲಿ, ಹುಲ್ಲಿನ ಮೇಲೆ ಎಸೆದು ನೋಡಿ. ಕೊಕ್ಕೆ ಬೇಡ, ತುದಿಗೆ ಕೆಂಪು ಉಲ್ಲನ್ ಚೂರು ಕಟ್ಟಿ. ಮೊಳೆ ಹೊಡೆಯುವಾಗ ಸುತ್ತಿಗೆಯನ್ನು ಕೊನೆಯಲ್ಲಿ ಗಕ್ಕನೆ ನಿಲ್ಲಿಸುತ್ತೇವಲ್ಲ, ಹಿಂದಕ್ಕೂ ಮುಂದಕ್ಕೂ ಹಾಗೇ ನಿಲ್ಲಿಸಬೇಕು. ಹಿಂದೆ ಹೋದ ಲೈನ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಕೆರೆಯಲ್ಲಿ ಗಾಳ ಹಾಕಿ ಬಂದವರಿಗೆ ಕಷ್ಟ ಆಗುವುದು ಈ ಕಾಯುವುದೇ.

ಸೆಪ್ಟೆಂಬರ್ ಕೊನೆ ಒಳ್ಳೆ ಸಮಯ, ಮಳೆ ಇಳಿದು ನೀರು ತಿಳಿಯಾಗುತ್ತಾ ಬರುತ್ತದೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವುದು ಬಂದ್, ಮೊಟ್ಟೆ ಇಡುವ ಕಾಲ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಮಾಡಿಸದೆ ನದಿಗೆ ಇಳಿಯಬೇಡಿ.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಸರ್. ಫ್ಲೈ ನಾನೇ ಕಟ್ಟಬೇಕು ಅಂತ ಆಸೆ. ಒಂದು ಕಿಟ್‌ನಲ್ಲಿ 40 ಥರದ ಸಾಮಾನು ಇದೆಯಂತೆ. ತಗೊಳ್ಳಲಾ?

ಉತ್ತರ: ಬೇಡ. ಅಂಥ ಕಿಟ್‌ನಲ್ಲಿ ಬಣ್ಣಬಣ್ಣದ ಪುಕ್ಕ ಜಾಸ್ತಿ, ಕೆಲಸಕ್ಕೆ ಬರುವ ವೈಸ್ ಇರುವುದಿಲ್ಲ. ಕೊಕ್ಕೆಯನ್ನು ಅಲ್ಲಾಡದಂತೆ ಹಿಡಿಯುವ ವೈಸ್, ದಾರದ ಬಾಬಿನ್, ಚೂಪಾದ ಸಣ್ಣ ಕತ್ತರಿ, ಇಷ್ಟಕ್ಕೆ ಮಾತ್ರ ಖರ್ಚು ಮಾಡಿ. ಕೊನೆಯ ಗಂಟನ್ನು ಬೆರಳಲ್ಲೇ ಹಾಕಬಹುದು. ಗಂಟು ಬಿಚ್ಚದಂತೆ ಫ್ಲೈನ ತಲೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು. ನನ್ನ ಬಾಟಲಿ ಹೆಂಡತಿಯದೇ, ಕೇಳಿಯೇ ತಗೊಂಡಿದ್ದು.

ಮೊದಲು ಎರಡೇ ಎರಡು ಕಲಿಯಿರಿ. ಒಂದು ವೂಲಿ ಬಗ್ಗರ್, ಜಿಗಣೆ ಇಲ್ಲವೇ ಸಣ್ಣ ಮೀನಿನ ಹಾಗೆ ಕಾಣುವ ಫ್ಲೈ, 8 ಅಥವಾ 10ನೇ ನಂಬರ್ ಕೊಕ್ಕೆಗೆ. ಇನ್ನೊಂದು ಫೆಸೆಂಟ್ ಟೇಲ್ ನಿಂಫ್, ಫೆಸೆಂಟ್ ಹಕ್ಕಿಯ ಬಾಲದ ಗರಿಯಲ್ಲಿ ಕಟ್ಟುವ, ನೀರೊಳಗಿನ ಮರಿಹುಳದಂಥ ಫ್ಲೈ, 14ಕ್ಕೆ. ಕೊಕ್ಕೆಯ ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು, ನೆನಪಿರಲಿ. ಈ ನಿಂಫ್ ಮಾಡಿದವರು ಫ್ರ್ಯಾಂಕ್ ಸಾಯರ್, ಇಂಗ್ಲೆಂಡಿನ ಏವನ್ ನದಿ ಕಾಯುತ್ತಿದ್ದವರು. ಅವರು ದಾರವನ್ನೇ ಬಳಸಲಿಲ್ಲ, ತೆಳು ತಾಮ್ರದ ತಂತಿಯಲ್ಲೇ ಸುತ್ತಿದರು. ಅದರಿಂದ ಫ್ಲೈಗೆ ತೂಕವೂ ಬಂತು, ನೀರಲ್ಲಿ ಮುಳುಗುವುದೂ ಸುಲಭ ಆಯಿತು. ಆ ತಂತಿ ನಿಮ್ಮ ಬೀದಿಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಹೊಸದು ಕೇಳಬೇಡಿ, ಬಿಚ್ಚಿ ಹಾಕಿದ್ದರಲ್ಲಿ ಕೂದಲಿನಷ್ಟು ತೆಳ್ಳಗಿರುವುದನ್ನು ಆರಿಸಿಕೊಳ್ಳಿ. ಫೆಸೆಂಟ್ ಬಾಲದ ಬದಲು ಕಂದು ಬಣ್ಣ ಹಾಕಿದ ಟರ್ಕಿ ಗರಿ ನಡೆಯುತ್ತದೆ.

ಬಗ್ಗರ್‌ಗೆ ನಾಟಿ ಹುಂಜದ ಕತ್ತಿನ ಗರಿ ಚೆನ್ನಾಗಿರುತ್ತದೆ. ಕೋಳಿ ಅಂಗಡಿಯಿಂದ ತಂದರೆ ಶಾಂಪೂ ಹಾಕಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಡಬ್ಬಿಗೆ ಎರಡು ನುಸಿಗುಳಿಗೆ ಹಾಕಿ ಮುಚ್ಚಿಡಿ. ಇಲ್ಲದಿದ್ದರೆ ಹುಳು ಬಿದ್ದು ಎಲ್ಲ ಪುಡಿಯಾಗುತ್ತದೆ. ನೀರ ಮೇಲೆ ತೇಲುವ ಡ್ರೈ ಫ್ಲೈಗೆ ಮಾತ್ರ ಉದ್ದನೆಯ, ಗಡುಸಾದ ಗರಿ ಬೇಕು. ಅದಕ್ಕೆಂದೇ ಸಾಕಿದ ಹುಂಜಗಳ ಗರಿ ಹೊರದೇಶದಿಂದ ಬರುತ್ತದೆ, ದುಬಾರಿ. ಸದ್ಯಕ್ಕೆ ಡ್ರೈ ಫ್ಲೈ ಕೊಂಡುಕೊಳ್ಳಿ.

ಪ್ರಶ್ನೆ: ಅಣ್ಣಾ, ನಾನು ಅಮೆರಿಕದ ಡೆನ್ವರ್‌ನಲ್ಲಿದ್ದೇನೆ, ಊರು ಹಾಸನ. ಸೌತ್ ಪ್ಲ್ಯಾಟ್ ನದಿಯಲ್ಲಿ 20, 22ನೇ ನಂಬರ್ ಮಿಡ್ಜ್ (ಸೊಳ್ಳೆಯಂಥ ಪುಟ್ಟ ಹುಳದ ಫ್ಲೈ) ಇಲ್ಲದೆ ಮೀನು ತಿರುಗಿಯೂ ನೋಡುವುದಿಲ್ಲ. ವಯಸ್ಸು 46. ಕಟ್ಟಿದರೆ ಕೊಕ್ಕೆಯ ಕಣ್ಣೇ ಮುಚ್ಚಿಹೋಗುತ್ತದೆ, ನದಿಯಲ್ಲಿ ನಿಂತು ದಾರ ಪೋಣಿಸಲು ಆಗುವುದಿಲ್ಲ.

ಉತ್ತರ: ಕೊಕ್ಕೆಯ ಕಣ್ಣು ಮುಚ್ಚಿಹೋಗುವುದು ಎಲ್ಲರ ಕಾಯಿಲೆ. ಕಣ್ಣಿನ ಹಿಂದೆ ಇನ್ನೊಂದು ಕಣ್ಣಿನಷ್ಟು ಜಾಗ ಖಾಲಿ ಬಿಟ್ಟು ಶುರು ಮಾಡಿ, ಆ ಜಾಗಕ್ಕೆ ಕೊನೆಯ ಗಂಟು ಬಿಟ್ಟು ಬೇರೇನೂ ಹೋಗಬಾರದು. 70 ಡೆನಿಯರ್‌ನ ತೆಳು ದಾರ ಬಳಸಿ, ಐದು ಸುತ್ತು ಹಾಕುವ ಕಡೆ ಎರಡು ಬಿಗಿಯಾಗಿ ಹಾಕಿ. ಝೀಬ್ರಾ ಮಿಡ್ಜ್ ಅಂದರೆ ದಾರ, ತಂತಿ, ಒಂದು ಮಣಿ, ಇಷ್ಟೇ ತಾನೆ. ಒಂದೇ ಬಣ್ಣದಲ್ಲಿ, ಒಂದೇ ಕೂರಿಕೆಯಲ್ಲಿ 12 ಕಟ್ಟಿ. ಮೊದಲ ನಾಲ್ಕು ಬಿಸಾಡುವ ಹಾಗಿರುತ್ತವೆ, ಹನ್ನೆರಡನೆಯದು ನಿಮಗೇ ಇಷ್ಟ ಆಗುತ್ತದೆ. ನದಿಗೆ ಹೊರಡುವ ಮುಂಚೆ ಮನೆಯಲ್ಲೇ ಒಂದಡಿ ಟಿಪೆಟ್‌ಗೆ, ಅಂದರೆ ಫ್ಲೈ ಕಟ್ಟುವ ತುದಿಯ ತೆಳು ದಾರಕ್ಕೆ, ಕಟ್ಟಿಟ್ಟುಕೊಳ್ಳಿ, ಅಲ್ಲಿ ಲೀಡರ್‌ಗೆ, ಅಂದರೆ ಲೈನ್ ತುದಿಯ ಪಾರದರ್ಶಕ ದಾರಕ್ಕೆ, ಜೋಡಿಸಿದರೆ ಸಾಕು. ಮತ್ತೆ ಓದುವ ಕನ್ನಡಕ ಹಾಕಿಕೊಳ್ಳಿ ಮಾರಾಯ್ರೇ, ನಾಚಿಕೆ ಯಾಕೆ?

ಪ್ರಶ್ನೆ: ಟಿಪೆಟ್‌ನಲ್ಲಿ 4ಎಕ್ಸ್, 6ಎಕ್ಸ್ ಅಂತ ಇರುತ್ತದಲ್ಲ, ಲೆಕ್ಕ ಹೇಗೆ?

ಉತ್ತರ: ಎಕ್ಸ್‌ನ ನಂಬರ್ ದೊಡ್ಡದಾದಷ್ಟೂ ದಾರ ತೆಳು. 11ರಿಂದ ಆ ನಂಬರ್ ಕಳೆಯಿರಿ, ಬಂದಷ್ಟು ಸಾವಿರದ ಭಾಗ ಇಂಚು ದಪ್ಪ. 5ಎಕ್ಸ್ ಅಂದರೆ ಇಂಚಿನ ಸಾವಿರದಲ್ಲಿ ಆರು ಪಾಲು. ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿದರೆ ಯಾವ ಟಿಪೆಟ್ ಅನ್ನುವ ಅಂದಾಜು ಸಿಗುತ್ತದೆ. 14ಕ್ಕೆ 5ಎಕ್ಸ್ ಸರಿ. 20, 22ಕ್ಕೆ ಲೆಕ್ಕ 7ಎಕ್ಸ್ ಅನ್ನುತ್ತದೆ, ನಾನು 6ಎಕ್ಸ್ ಹಾಕುತ್ತೇನೆ, ಮೀನು ಕಿತ್ತುಕೊಂಡು ಹೋಗುವುದು ಕಡಿಮೆ.

ಪ್ರಶ್ನೆ: ಕೊಡಗಿನಿಂದ. ನಮ್ಮ ತೋಟದಲ್ಲಿ ಕಾಡುಕೋಳಿ ತುಂಬಾ. ಅದರ ಕತ್ತಿನ ಚುಕ್ಕೆ ಗರಿಗೆ ಹೊರದೇಶದ ಫ್ಲೈ ಕಟ್ಟುವವರು ತುಂಬಾ ದುಡ್ಡು ಕೊಡುತ್ತಾರಂತೆ, ನಿಜವಾ?

ಉತ್ತರ: ಕೊಡುವವರಿದ್ದಾರೆ. ಸ್ಯಾಮನ್ ಮೀನು ಹಿಡಿಯುವ ಹಳೇ ಕಾಲದ ಫ್ಲೈಗಳ ಕೆನ್ನೆಗೆ ಕಟ್ಟುವ ಜಂಗಲ್ ಕಾಕ್ ಅನ್ನುವ ಗರಿ ನಮ್ಮ ಈ ಕಾಡುಕೋಳಿಯದೇ. ಆದರೆ 1972ರ ವನ್ಯಜೀವಿ ಕಾಯ್ದೆ ಇದೆ, ಹಕ್ಕಿ ಹಿಡಿಯುವ ಹಾಗೂ ಇಲ್ಲ, ಗರಿ ಮಾರುವ ಹಾಗೂ ಇಲ್ಲ. ಆ ಕಡೆ ಯೋಚನೆಯೇ ಬೇಡ. ಇನ್ನೊಬ್ಬರು ಇನ್‌ಬಾಕ್ಸ್‌ನಲ್ಲಿ ನವಿಲುಗರಿ ಬಗ್ಗೆ ಕೇಳಿದ್ದರು. ತಾನಾಗಿ ಉದುರಿದ ಬಾಲದ ಗರಿಯನ್ನು ದೇಶದೊಳಗೆ ಇಟ್ಟುಕೊಂಡು ಫ್ಲೈ ಕಟ್ಟಬಹುದು, ಆದರೆ ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಅದರ ಎಳೆ ಬೇಗ ತುಂಡಾಗುತ್ತದೆ, ತಂತಿ ಜೊತೆ ಹೊಸೆದು ಸುತ್ತಿ.

ಪ್ರಶ್ನೆ (ಮೊದಲು ಕೇಳಿದವರು): ಕೊನೆಯದಾಗಿ ಸರ್, ವಿಮಾನದಲ್ಲಿ ಇದನ್ನೆಲ್ಲ ಬಿಡುತ್ತಾರಾ?

ಉತ್ತರ: ಕೊಕ್ಕೆ, ಕತ್ತರಿ, ವೈಸ್ ಎಲ್ಲ ಚೆಕ್-ಇನ್ ಬ್ಯಾಗ್‌ಗೆ ಹಾಕಿ. ರಾಡ್ ಗಟ್ಟಿ ಟ್ಯೂಬ್‌ನಲ್ಲಿರಲಿ. ಕೊಕ್ಕೆಗಳ ಮುಳ್ಳನ್ನು ಇಕ್ಕಳದಿಂದ ಮನೆಯಲ್ಲೇ ಒತ್ತಿಬಿಡಿ, ಮೀನು ಬಿಡುವುದೂ ಸುಲಭ, ನಿಮ್ಮ ಕಿವಿಗೆ ಚುಚ್ಚಿಕೊಂಡರೆ ತೆಗೆಯುವುದೂ ಸುಲಭ. ಚುಚ್ಚಿಕೊಳ್ಳುತ್ತದೆ, ನೋಡುತ್ತಿರಿ.