ಪದ ಬೇಕು, ಅರ್ಜೆಂಟು: ಬೂಟ್ ಲೋಡರ್, ಪಾರ್ಟಿಶನ್, ರೆಸ್ಕ್ಯೂ ಮೋಡ್

ಲ್ಯಾಬ್ ಮೇಷ್ಟ್ರು:

ಎಲ್ರಿಗೂ ನಮಸ್ಕಾರ. ಶನಿವಾರ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು, ಅದಕ್ಕೇ ಪೀಠಿಕೆ ಇಲ್ದೆ ಕೇಳ್ತಿದೀನಿ. ನಮ್ಮ ಹೈಸ್ಕೂಲ್ ಲ್ಯಾಬಲ್ಲಿ 11 ಮೆಷೀನಿದಾವೆ, ಎಲ್ಲಾ ವಿಂಡೋಸ್ 10. ಅದರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ನಿಂತೋಯ್ತು, ಟಿಪಿಎಂ 2.0 (ಸೆಕ್ಯುರಿಟಿ ಚಿಪ್ಪು) ಇಲ್ಲ ಅಂತ ವಿಂಡೋಸ್ 11 ಒಳಗೇ ಬಿಟ್ಕೊಳ್ತಿಲ್ಲ, ಹೊಸ ಮೆಷೀನ್ ತಗೊಳ್ಳೋಕೆ ದುಡ್ಡಿಲ್ಲ. ಹಂಗಾಗಿ ವಿಂಡೋಸ್ ಇದ್ದಲ್ಲೇ ಇರ್ಲಿ ಅಂತ ಪಕ್ಕದಲ್ಲಿ ಉಬುಂಟು ಲಿನಕ್ಸ್ ಹಾಕಿದ್ವಿ. ಚೆನ್ನಾಗೇ ಇತ್ತು. ಆಮೇಲೆ ಜಾಗ ಉಳಿಸೋಣ ಅಂತ ಖಾಲಿ ಬಿದ್ದಿದ್ದ ಒಂದು ಡ್ರೈವನ್ನ ವಿಂಡೋಸ್ ಕಡೆಯಿಂದ ಅಳಿಸಿದೆ ನೋಡಿ, ನಾಲ್ಕು ಮೆಷೀನು ಆನ್ ಮಾಡಿದ್ರೆ ಕಪ್ಪು ಪರದೆ, "ಎರರ್: ನೋ ಸಚ್ ಪಾರ್ಟಿಶನ್. ಎಂಟರಿಂಗ್ ರೆಸ್ಕ್ಯೂ ಮೋಡ್". ಅದರ ಕೆಳಗೆ ಗ್ರಬ್ (ಉಬುಂಟು ಜೊತೆ ಬರೋ ಬೂಟ್ ಲೋಡರ್) ರೆಸ್ಕ್ಯೂ ಅಂತ ಬಂದು ಕರ್ಸರ್ ಮಿಣಮಿಣ ಅಂತಿರತ್ತೆ, ಅಷ್ಟೇ.

ಹಿಂಗಾದ್ರೆ ಮಕ್ಕಳೇ ಸರಿಮಾಡ್ಕೊಳ್ಳೋ ಹಂಗೆ ಗೋಡೆಗೊಂದು ಬೋರ್ಡ್ ಹಾಕಬೇಕು, "ಕಂಪ್ಯೂಟರ್ ಏಳದಿದ್ದರೆ" ಅಂತ. ಬೂಟ್ (ಮೆಷೀನು ಶುರು ಆಗೋದು), ಬೂಟ್ ಲೋಡರ್, ಪಾರ್ಟಿಶನ್ (ಡಿಸ್ಕಿನ ಒಂದು ಭಾಗ), ಪಾರ್ಟಿಶನ್ ಟೇಬಲ್, ರೆಸ್ಕ್ಯೂ ಮೋಡ್, ಡ್ಯುಯಲ್ ಬೂಟ್ (ಒಂದೇ ಮೆಷೀನಲ್ಲಿ ವಿಂಡೋಸೂ ಉಬುಂಟೂ), ಇವಕ್ಕೆ ಎಂಟನೇ ಕ್ಲಾಸಿನೋರಿಗೆ ಅರ್ಥ ಆಗೋ ಪದ ಕೊಡಿ. ಹಳೇ ಅನುವಾದಗಳಲ್ಲಿ ಪಾರ್ಟಿಶನ್ನಿಗೆ "ವಿಭಜನೆ" ಅಂತಿದೆ, ಅದನ್ನ ಓದಿ ನಮ್ಮ ಹುಡುಗ ಒಬ್ಬ "ಸಾರ್, 1947ರದ್ದಾ?" ಅಂದ.

ಅಚ್ಚಗನ್ನಡ:

ಬೂಟ್ = ಎಬ್ಬಿಸು. ಬೂಟ್ ಲೋಡರ್ = ಎಬ್ಬಿಸುಕ. ಪಾರ್ಟಿಶನ್ = ಪಸುಗೆ (ಹಳಗನ್ನಡದಲ್ಲಿ ಇದೆ, ಹೊಸದಾಗಿ ಹುಟ್ಟಿಸಿದ್ದಲ್ಲ). ರೆಸ್ಕ್ಯೂ ಮೋಡ್ = ಕಾಪಾಡುವ ಬಗೆ. ಡ್ಯುಯಲ್ ಬೂಟ್ = ಇಬ್ಬೆಬ್ಬಿಕೆ. ಕಂಪ್ಯೂಟರ್ ಅನ್ನೋದನ್ನೂ ತೆಗೆದು ಎಣ್ಣುಕ ಅಂತ ಹಾಕಿ, ಒಂದ್ಸಲ ಗೋಡೆ ಮೇಲೆ ಬಂದ್ರೆ ತಾನೇ ರೂಢಿ ಆಗತ್ತೆ.

ರಾಯರು, ಶಿವಮೊಗ್ಗ:

ಇಬ್ಬೆಬ್ಬಿಕೆ ಅಂತ ಐದು ಸಲ ಬೇಗ ಬೇಗ ಹೇಳಿ ನೋಡೋಣ. ಎಬ್ಬಿಸುಕ ಅಂದ್ರೆ ನನ್ನ ಕಣ್ಣಿಗೆ ಬರೋದು ಬೆಳಗಿನ ಜಾವ ಹಾಸ್ಟೆಲಲ್ಲಿ ಬಾಗಿಲು ಬಡಿಯೋ ವಾರ್ಡನ್ನು.

ಮೇಷ್ಟ್ರೇ, ಇವೆಲ್ಲ ಶಾಸ್ತ್ರದ ಪದಗಳು, ಇವಕ್ಕೆ ಭಾರತದ ಎಲ್ಲಾ ಭಾಷೆಗೂ ಹೊಂದೋ ಸಂಸ್ಕೃತ ಮೂಲವೇ ಸರಿ. ಉಪಕ್ರಮ, ವಿಭಾಗ, ವಿಭಾಗಕೋಷ್ಟಕ, ರಕ್ಷಣಾವಸ್ಥೆ. ತಂತ್ರಾಂಶ, ಯಂತ್ರಾಂಶ ಬಂದಾಗಲೂ ಜನ ನಕ್ಕಿದ್ರು, ಈಗ ಪೇಪರಲ್ಲಿ ದಿನಾ ಬರ್ತಾ ಇದೆ.

ಹುಬ್ಬಳ್ಳಿಯಾಂವ:

ರಾಯರ, ರಕ್ಷಣಾವಸ್ಥೆ ಅಂದ್ರ ಗರ್ಭಾವಸ್ಥೆ ಇದ್ದಂಗ ಕೇಳಸ್ತದರಿ. ಮತ್ತ ಲೋಡರ್‌ಗೆ ನಮ್ಮ ಎಪಿಎಂಸ್ಯಾಗ ಒಂದು ಪದ ಐತಿ, ಹಮಾಲ. ಗ್ರಬ್ ಮಾಡೋದೂ ಅದನ್ನ, ಡಿಸ್ಕಿನ ಗೋದಾಮಿನಾಗಿನ ಕರ್ನಲ್ (ಓಎಸ್ಸಿನ ತಿರುಳು) ಅನ್ನೂ ಮೂಟಿ ಹೊತ್ತು ತಂದು ಮೆಮೊರಿ ಅಂಗಳದಾಗ ಒಗದು ಹೋಗಿಬಿಡತದ, ಆಮೇಲೆ ಅದಕ್ಕೇನೂ ಸಂಬಂಧ ಇಲ್ಲ. ಬೂಟ್ ಹಮಾಲ. ಬರದು ಹಚ್ರಿ ಗ್ವಾಡಿಗೆ.

ಲ್ಯಾಬ್ ಮೇಷ್ಟ್ರು:

ಹಮಾಲ ಚೆನ್ನಾಗಿದೆ ಸಾರ್, ಆದ್ರೆ ನಮ್ ಹೆಡ್‌ಮಾಸ್ಟ್ರು ಒಪ್ಪಲ್ಲ. ಬೂಟ್ ಗೆ ಏನ್ ಮಾಡ್ಲಿ ಹೇಳಿ, ಚಪ್ಪಲಿ ಅಂಗಡಿ ಬೋರ್ಡ್ ಅನ್ಕೊಂಡ್ರೆ ಕಷ್ಟ.

ಸರ್ವೇಯರ್ ಮಗಳು:

ಮೇಷ್ಟ್ರೇ, ನಮ್ಮಪ್ಪ ಸರ್ವೆ ಇಲಾಖೆಯಲ್ಲಿದ್ದೋರು, ನಾನು ಸರ್ವರ್ ಕಾಯೋಳು, ಎರಡೂ ಕಡೆ ತಕರಾರು ಒಂದೇ ಥರ. ಪಾರ್ಟಿಶನ್ನಿಗೆ ಪದ ಕಟ್ಟೋ ಅಗತ್ಯನೇ ಇಲ್ಲ, ನಿಮ್ಮೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಪಾಲು ಅಂತಾರೆ. ಅಣ್ಣತಮ್ಮಂದಿರು ಬೇರೆ ಆದಾಗ ಯಾರಿಗೆ ಎಲ್ಲಿಂದ ಎಲ್ಲಿತನಕ ಅಂತ ಬರೆಯೋದು ಪಾಲುಪಟ್ಟಿ. ಪಾರ್ಟಿಶನ್ ಟೇಬಲ್ ಅಂದ್ರೂ ಅದೇ ಅಲ್ವಾ? ನಿಮ್ಮ ಹಳೇ ಬಯೋಸ್ ಥರದ ಡಿಸ್ಕಲ್ಲಿ ಮೊದಲನೇ ಸೆಕ್ಟರು 512 ಬೈಟು, ಅದರಲ್ಲಿ 446 ಬೈಟು ಎಬ್ಬಿಸೋ ಕೋಡಿಗೆ ಬಿಟ್ಟಿದಾರೆ, 64 ಬೈಟು ಪಾಲುಪಟ್ಟಿ, ಕೊನೇ ಎರಡು ಬೈಟು ರುಜು ಇದ್ದಂಗೆ. ಆ 64ರಲ್ಲಿ 16 ಬೈಟಿನ ನಾಲ್ಕೇ ಸಾಲು ಹಿಡಿಯೋದು, ಅಂದ್ರೆ ನಾಲ್ಕೇ ಜನಕ್ಕೆ ಪಾಲು. ಐದನೆಯವನು ಬಂದ್ರೆ ಒಬ್ಬನ ಪಾಲೊಳಗೇ ಮತ್ತೆ ಒಡೆದು ಕೊಡಬೇಕು, ಆ ಒಳಪಾಲುಗಳ ಲೆಕ್ಕ ಅದಕ್ಕೇ 5ರಿಂದ ಶುರು ಆಗೋದು.

ಈಗ ನಿಮ್ಮ ಎರರ್. ಉಬುಂಟು 6ನೇ ಹಿಸ್ಸೆಯಲ್ಲಿದೆ ಅಂತ ಗ್ರಬ್ ಬರ್ಕೊಂಡಿತ್ತು. ನೀವು ಅದರ ಮುಂದೆ ಇದ್ದ 5ನೇದನ್ನ ಅಳಿಸಿದ್ರಿ. ಒಳಪಾಲಲ್ಲಿ ಒಂದು ಹೋದ್ರೆ ಅದರ ಆಮೇಲಿನವು ಒಂದೊಂದು ನಂಬರ್ ಇಳಿದುಬಿಡ್ತವೆ, ಹಂಗಾಗಿ 6 ಹೋಗಿ 5 ಆಯ್ತು. ಜಮೀನು ಅಲ್ಲೇ ಇದೆ, ಬೆಳೆನೂ ಅಲ್ಲೇ ಇದೆ, ಮಕ್ಕಳ ಫೈಲ್ ಏನೂ ಹೋಗಿಲ್ಲ. ಗ್ರಬ್ ಮಾತ್ರ ಹಳೇ ಪಹಣಿ ಹಿಡ್ಕೊಂಡು 6ನೇ ಹಿಸ್ಸೆ ಎಲ್ಲಿ ಅಂತ ಬದು ಮೇಲೆ ನಿಂತಿದೆ. "ನೋ ಸಚ್ ಪಾರ್ಟಿಶನ್" ಅನ್ನೋದನ್ನ "ಇಂಥ ಪಾಲು ಇಲ್ಲ" ಅಂತ ಬರೀರಿ, ಸಾಕು, ಮಿಕ್ಕಿದ್ದು ರೈತರ ಮಕ್ಕಳಿಗೆ ನೀವು ಹೇಳಿಕೊಡಬೇಕಾಗಿಲ್ಲ.

ಬೋರ್ಡಿಗೆ ಕ್ರಮನೂ ಬರೀರಿ. ರೆಸ್ಕ್ಯೂ ಪರದೆಯಲ್ಲಿ ಎಲ್‌ಎಸ್ ಅಂತ ಟೈಪಿಸಿದ್ರೆ ಇರೋ ಪಾಲೆಲ್ಲ ಕಾಣ್ತವೆ, ಒಂದೊಂದನ್ನೂ ಇಣುಕಿ ಬೂಟ್ ಅನ್ನೋ ಫೋಲ್ಡರ್ ಯಾವುದರಲ್ಲಿದೆ ನೋಡಬೇಕು, ಸಿಕ್ಕಿದ ಮೇಲೆ ಸೆಟ್ ಪ್ರಿಫಿಕ್ಸ್ ಅಂತ ಹಾಕಿ ಆ ಪಾಲಿನೊಳಗಿನ ಗ್ರಬ್ ಫೋಲ್ಡರಿನ ದಾರಿ ಕೊಟ್ಟು, ಇನ್ಸ್‌ಮಾಡ್ ನಾರ್ಮಲ್, ಅದಾದ್ಮೇಲೆ ಬರೀ ನಾರ್ಮಲ್. ಮೆನು ಬರತ್ತೆ. ಇಲ್ಲಿಗೆ ಕೈ ತೊಳ್ಕೊಂಡು ಹೋಗ್ಬಿಟ್ರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಕಥೆ, ಯಾಕಂದ್ರೆ ನೀವು ಬಾಯಲ್ಲಿ ಹೇಳಿದ್ದೇ ಹೊರತು ಪಹಣಿ ತಿದ್ದಿಸಿಲ್ಲ. ಉಬುಂಟು ಒಳಗೆ ಹೋಗಿ ಗ್ರಬ್-ಇನ್‌ಸ್ಟಾಲ್ ಮಾಡಬೇಕು, ಅದಕ್ಕೆ ಇಡೀ ಡಿಸ್ಕಿನ ಹೆಸರು ಕೊಡಿ, ಪಾಲಿನ ನಂಬರಲ್ಲ.

ಬೂಟ್, ಗ್ರಬ್, ರೆಸ್ಕ್ಯೂ ಇವನ್ನ ಮುಟ್ಟಬೇಡಿ. ಪರದೆ ಮೇಲೆ ಬರೋದು ಆ ಪದಗಳೇ, ಹುಡುಗ ಬೋರ್ಡು ನೋಡಿ ಪರದೆ ನೋಡಿ ತಾಳೆ ಹಾಕಬೇಕು ತಾನೆ? "ರಕ್ಷಣಾವಸ್ಥೆ" ಅಂತ ಬೋರ್ಡಲ್ಲಿದ್ರೆ ಅದನ್ನ ಪರದೆ ಮೇಲೆ ಎಲ್ಲಿ ಹುಡುಕ್ತಾನೆ.

ಅಚ್ಚಗನ್ನಡ:

ಪಾಲು ಸರಿ. ಪಹಣಿ ಮರಾಠಿ. ಹಿಸ್ಸೆ ಅರಬ್ಬಿ. ಒಂದು ಬೇರೆ ನುಡಿಯ ಪದ ತೆಗೆಯೋಕೆ ಇನ್ನೊಂದು ಬೇರೆ ನುಡಿಯದ್ದು ತರೋದು ಯಾವ ಕೆಲಸ?

ಆದರೆ ಪಾಲು ಅನ್ನೋದರ ಬಗ್ಗೆ ಒಂದು ಮಾತು, ಇದನ್ನ ನಾನು ತುಂಬ ದಿನದಿಂದ ಹೇಳ್ತಾ ಬಂದಿದೀನಿ. ಹಳಗನ್ನಡದ ಪಾಲ್ (ಕುಡಿಯೋದು) ಹಾಲು ಆಯ್ತು, ಪುಲಿ ಹುಲಿ ಆಯ್ತು, ಪೂ ಹೂ ಆಯ್ತು, ಪಾಲ್ (ಭಾಗ) ಮಾತ್ರ ಯಾಕೆ ಪಾಲು ಆಗೇ ಉಳೀತು? ಎರಡೂ ಹಾಲು ಆಗಿದ್ರೆ ಅಣ್ಣತಮ್ಮಂದಿರು ಹಾಲು ಹಂಚಿಕೊಂಡ್ರೋ ಹೊಲ ಹಂಚಿಕೊಂಡ್ರೋ ಗೊತ್ತಾಗ್ತಿರಲಿಲ್ಲ, ಅದಕ್ಕೇ ಆಡುಗರು ಪ-ಕಾರ ಬಿಡಲಿಲ್ಲ. ತಮಿಳಿನಲ್ಲಿ ಪ ಹ ಆಗಲೇ ಇಲ್ಲ, ಹಂಗಾಗಿ ಅಲ್ಲಿ ಎರಡೂ ಪಾಲ್, ತಿರುಕ್ಕುರಳಿನ ಮೂರು ಭಾಗಕ್ಕೂ ಪಾಲ್ ಅಂತಲೇ ಹೆಸರು. ಪಸುಗೆ, ಪಂಚು, ಹಂಚು ಎಲ್ಲಾ ಇದೇ ಬೇರಿಂದ ಬಂದವು. ಹಗಲೂ ಇದೇ ಬೇರು ಅಂತ ನನ್ನ ಅನಿಸಿಕೆ, ದಿನವನ್ನ ಪಾಲು ಮಾಡೋದು.

ರಾಯರು, ಶಿವಮೊಗ್ಗ:

ಹಗಲನ್ನ ಇಲ್ಲಿಗೆ ಎಳೀಬೇಡಿ. ನಿಮ್ಮ ಕೈಗೆ ಸಿಕ್ಕಿದ ಪದವೆಲ್ಲ ಒಂದೇ ಬೇರಿಗೆ ಹೋಗತ್ತೆ. ಮತ್ತೆ, ಪಾಲುಪಟ್ಟಿಯ ಪಟ್ಟಿ ಸಂಸ್ಕೃತದ ಪಟ್ಟಿಕಾ, ಗೊತ್ತಿರಲಿ. ನಿಮ್ಮ ಲೆಕ್ಕದಲ್ಲಿ ಅದೂ ಕೆಡ್ತು.

ಡ್ಯುಯಲ್ ಬೂಟಿಗೆ ಆ ಇಬ್ಬೆಬ್ಬಿಕೆ ಬಿಟ್ರೆ ಯಾರೂ ಏನೂ ಹೇಳಿಲ್ಲವಲ್ಲ. ನಾನೇ ಹೇಳ್ತೀನಿ, ಇಬ್ಬೂಟು. ಇರ್ + ಬೂಟು, ಇಬ್ಬಗೆ ಇಬ್ಬದಿ ಆದ ಹಾಗೇ.

ಅಚ್ಚಗನ್ನಡ:

ರಾಯರೇ ಕನ್ನಡಕ್ಕೆ ಇಂಗ್ಲಿಷ್ ಅಂಟಿಸ್ತಿದೀರಾ? ಅರಿಸಮಾಸ ಅಂತ ಇಲ್ಲಿ ಎಲ್ಲರಿಗೂ ಕಿವಿ ಹಿಂಡೋರು ನೀವೇ ಅಲ್ವಾ.

ರಾಯರು, ಶಿವಮೊಗ್ಗ:

ಅರಿಸಮಾಸ ಕೇಶಿರಾಜ ಹೇಳಿದ್ದು ಸಂಸ್ಕೃತ ಕನ್ನಡ ಸೇರೋದಕ್ಕೆ. ಅದಕ್ಕೂ ಬಿರುದಾವಳಿಗೆ ವಿನಾಯಿತಿ ಇದೆ. ಬೂಟಿಗೆ ಉಕಾರ ಹತ್ತಿ ಬೂಟು ಅಂತ ಆದ ದಿನವೇ ಅದು ನಮ್ಮದಾಯ್ತು, ಬೂಟಿನ, ಬೂಟಿಗೆ, ಬೂಟುಗಳು ಅಂತ ವಿಭಕ್ತಿ ಎಲ್ಲಾ ಹತ್ತತ್ತೆ. ದಯವಿಟ್ಟು ಶಬ್ದಮಣಿದರ್ಪಣ ಓದಿ ಬನ್ನಿ.

ಹುಬ್ಬಳ್ಳಿಯಾಂವ:

ಹಂಗಾರ ಬೂಟು ತದ್ಭವ ಆತು, ಹಿಸ್ಸೆ ಆಗಂಗಿಲ್ಲೇನ್ರಿ? ಹಿಸ್ಸಾಕ್ಕ ಎಕಾರ ಹತ್ತಿ ಹಿಸ್ಸೆ ಆಗಿ ಎಷ್ಟು ತಲಿಮಾರು ಆತು. ಅಚ್ಚಗನ್ನಡ ಸಾಹೇಬ್ರ, ನಿಮ್ಮ ಅಜ್ಜಾರ ಹೊಲದ ಕಾಗದ ಒಮ್ಮೆ ತಗದು ನೋಡ್ರಿ. ಅರ್ಜಿ, ಜಮೀನು, ತಕರಾರು, ರುಜುವಾತು, ಜಮಾಬಂದಿ, ತಹಶೀಲ್ದಾರ್, ಶಿರಸ್ತೇದಾರ್. ಪಾಲಾದ ಮ್ಯಾಲೆ ಬರದುಕೊಳ್ಳೋ ಪಾರೀಖತ್ತು ಸುದ್ದಾ ಫಾರಸಿ ಕಡಿಂದ ಬಂದದ್ದು. ಇವನ್ನೆಲ್ಲಾ ತಗದ್ರ ನಿಮಗ ಹೊಲ ಉಳಿಯೂದಿಲ್ಲ, ಬದು ಅಷ್ಟ ಉಳೀತದ. ಇಂಗ್ಲಿಷ್ ಬಂದ್ರ ಮಾತ್ರ ಕನ್ನಡ ಕೆಡತದ, ಫಾರಸಿ ಬಂದದ್ದು ಯಾರಿಗೂ ಗೊತ್ತಾ ಆಗಿಲ್ಲ ಅಂದ್ರ ಏನರ್ಥ? ಹಳೇದಾದ ಸಾಲ ಸಾಲ ಅಲ್ಲ ಅಂತನೋ?

ಅಕ್ಕಾರ, ಒಂದು ತಿದ್ದುಪಡಿ. ಹೊಲದಾಗ ಹಿಸ್ಸಾ ನಂಬರ್ ಹಂಗ ಇಳಿಯೂದಿಲ್ಲರಿ. 5 ಹೋತಂತ 6 ಬಂದು ಅದರ ಜಾಗದಾಗ ಕೂಡ್ರೂದಿಲ್ಲ.

ಅಚ್ಚಗನ್ನಡ:

ಕೋರ್ಟು ಕಚೇರಿಯವರು ನಮ್ಮ ಮೇಲೆ ಹೇರಿದ್ದನ್ನ ಒಪ್ಪಿಕೊಂಡ ಮಾತ್ರಕ್ಕೆ ಇನ್ನು ಮುಂದೆ ಬಂದಿದ್ದೆಲ್ಲಾ ಒಪ್ಪಬೇಕು ಅಂತ ಎಲ್ಲಿದೆ. ನಿಮ್ಮ ಹತ್ರ ವಾದ ಮಾಡೋಕೆ ನನಗೆ ಹೊತ್ತಿಲ್ಲ.

ಸರ್ವೇಯರ್ ಮಗಳು:

ಹುಬ್ಬಳ್ಳಿ ಸರ್ ಹೇಳಿದ್ದು ಸರಿ, ಹೊಲದ ನಂಬರು ಇಳಿಯಲ್ಲ. ಹೊಸ ಮೆಷೀನುಗಳ ಜಿಪಿಟಿ ಪಾಲುಪಟ್ಟಿಯಲ್ಲೂ ಇಳಿಯಲ್ಲ, 5 ಅಳಿಸಿದ್ರೆ 6 ತನ್ನ ಪಾಡಿಗೆ 6 ಆಗೇ ಇರತ್ತೆ. ಕಂದಾಯ ಇಲಾಖೆಗೆ ಜಿಪಿಟಿ ಬುದ್ಧಿ ಮೊದಲೇ ಇತ್ತು ಅನ್ನಿ.

ಬೂಟ್ ಬಗ್ಗೆ ಇಷ್ಟು ಜಗಳ ಆಡ್ತಿದೀರಲ್ಲ, ಇಂಗ್ಲಿಷಲ್ಲೂ ಅದಕ್ಕೆ ನೇರ ಅರ್ಥ ಏನಿಲ್ಲ. ಬೂಟಿನ ಹಿಂದೆ ಹಾಕಿಕೊಳ್ಳೋಕೆ ಅಂತ ಒಂದು ಪಟ್ಟಿ ಇರತ್ತೆ ನೋಡಿ, ಬೂಟ್‌ಸ್ಟ್ರ್ಯಾಪು, ಅದನ್ನ ಹಿಡ್ಕೊಂಡು ತನ್ನನ್ನ ತಾನೇ ಮೇಲೆತ್ತೋದು ಅನ್ನೋ ತಮಾಷೆ ಮಾತಿನ ತುಂಡು ಇದು. ಪ್ರೋಗ್ರಾಮ್ ಲೋಡ್ ಆಗೋಕೆ ಒಂದು ಪ್ರೋಗ್ರಾಮ್ ಮೊದಲೇ ಲೋಡ್ ಆಗಿರಬೇಕಲ್ಲ, ಆ ತೊಡಕಿಗೆ ಇಟ್ಟ ಹೆಸರು. ಐಬಿಎಂನವರು ಮೇನ್‌ಫ್ರೇಮಲ್ಲಿ ಇವತ್ತಿಗೂ ಬೂಟ್ ಅನ್ನಲ್ಲ, ಐಪಿಎಲ್ ಅಂತಾರೆ, ಇನಿಷಿಯಲ್ ಪ್ರೋಗ್ರಾಮ್ ಲೋಡ್. ಮೇಷ್ಟ್ರೇ, ದಯವಿಟ್ಟು ಅದನ್ನ ಬೋರ್ಡಿಗೆ ಹಾಕಬೇಡಿ, ಹುಡುಗರು ಸ್ಕೋರ್ ಕೇಳ್ತಾರೆ.

ರಾಯರು, ಶಿವಮೊಗ್ಗ:

ತಾಯಿ, ಇದು ನನಗೆ ಗೊತ್ತಿರಲಿಲ್ಲ. ಎಷ್ಟೇ ಪಳಗಿದ ನಟನಾದ್ರೂ ತನ್ನ ಹೆಗಲ ಮೇಲೆ ತಾನೇ ಹತ್ತಲಾರ ಅಂತ ನಮ್ಮ ಶಾಸ್ತ್ರಗಳಲ್ಲಿ ಒಂದು ಮಾತಿದೆ, ನಿಮ್ಮ ಕಂಪ್ಯೂಟರು ಅದನ್ನೇ ಮಾಡೋಕೆ ಹೋಗಿದೆ. ಸ್ವಸ್ಕಂಧಾರೋಹಣ ಅಂದ್ರೆ ಬೂಟಿಗೆ ಇದಕ್ಕಿಂತ ಒಪ್ಪೋ ಪದ ಇಲ್ಲ. ಹಳೇ ಅನುವಾದಗಳಲ್ಲಿ ಮೌಂಟಿಗೆ (ಡ್ರೈವನ್ನ ಸಿಸ್ಟಮಿಗೆ ಜೋಡಿಸೋದಕ್ಕೆ) ಆರೋಹಿಸು ಅಂತಾನೂ ಇದೆ, ಕೂಡತ್ತೆ.

ಹುಬ್ಬಳ್ಳಿಯಾಂವ:

ಪೆನ್‌ಡ್ರೈವ್ ಹಾಕಿದ್ರ ಆರೋಹಣ, ತಗದ್ರ ಅವರೋಹಣ. ಗಂಗೂಬಾಯಿ ಹಾನಗಲ್ಲರ ಊರಾಗ ಇದನ್ನ ಹೇಳಬ್ಯಾಡ್ರಿ ರಾಯರ.

ಲ್ಯಾಬ್ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್, ಫ್ಲೆಕ್ಸಿಗೆ ಕೊಟ್ಟಾಯ್ತು. ಪಾಲು, ಪಾಲುಪಟ್ಟಿ, "ಇಂಥ ಪಾಲು ಇಲ್ಲ" ಹಾಕಿದೀನಿ. ಬೂಟ್ ಲೋಡರ್ ಹಂಗೇ ಬಿಟ್ಟೆ. ತಲೆಬರಹದಲ್ಲಿ "ಏಳದಿದ್ದರೆ" ಇರೋದ್ರಿಂದ ಒಳಗೂ ಎಬ್ಬಿಸು ಅಂತಾನೇ ಎರಡು ಕಡೆ ಬಳಸಿದೀನಿ, ಅಚ್ಚಗನ್ನಡ ಸರ್ ಗಮನಕ್ಕೆ. ಡ್ಯುಯಲ್ ಬೂಟಿಗೆ ಇಬ್ಬೂಟು ಹಾಕಿದ್ದೆ, ಫ್ಲೆಕ್ಸ್ ಅಂಗಡಿ ಹುಡುಗ ತಪ್ಪು ಟೈಪಾಗಿದೆ ಅಂದ್ಕೊಂಡು "ಇಬ್ಬರ ಬೂಟು" ಅಂತ ತಿದ್ದಿ ಪ್ರಿಂಟ್ ಹಾಕ್ಬಿಟ್ಟಿದಾನೆ. ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಬೇಕು.

ನಾಲ್ಕು ಮೆಷೀನಲ್ಲಿ ಮೂರು ಎದ್ದವು, ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗೀರೇ ಮಾಡಿದ್ರು. ನಾಲ್ಕನೇದರಲ್ಲಿ ಉಬುಂಟು ಬರ್ತಿದೆ ಆದ್ರೆ ಮೆನುವಿನಲ್ಲಿ ವಿಂಡೋಸೇ ಕಾಣ್ತಿಲ್ಲ. ಅದರ ಮೇಲೆ ಉಬುಂಟಲ್ಲಿ ಟೈಮ್ ಸರಿ ಇದ್ರೆ ವಿಂಡೋಸ್ ಇರೋ ಮೆಷೀನಲ್ಲಿ ಐದೂವರೆ ಗಂಟೆ ಹಿಂದೆ ತೋರಿಸ್ತಿದೆ, ಬೆಲ್ ಹೊಡೆಯೋನು ಗಾಬರಿ ಆಗಿದಾನೆ.

ಸರ್ವೇಯರ್ ಮಗಳು:

ಟೈಮಿಂದು ಸುಲಭ. ಮದರ್‌ಬೋರ್ಡ್ ಗಡಿಯಾರವನ್ನ ಉಬುಂಟು ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಅನ್ನೋ ಮೂಲ ಟೈಮಲ್ಲಿ) ಇಡತ್ತೆ, ವಿಂಡೋಸ್ ಅದನ್ನೇ ಊರ ಟೈಮ್ ಅಂತ ಓದತ್ತೆ, ನಡುವಿನ ವ್ಯತ್ಯಾಸವೇ ನಮ್ಮ 5:30. ಉಬುಂಟು ಟರ್ಮಿನಲಲ್ಲಿ ಟೈಮ್‌ಡೇಟ್‌ಸಿಟಿಎಲ್ ಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಡಿ, ಎರಡೂ ಒಂದೇ ಟೈಮ್ ಓದ್ತವೆ. ವಿಂಡೋಸ್ ಕಾಣದ್ದಕ್ಕೆ ಕಾರಣ ಓಎಸ್-ಪ್ರೋಬರ್ ಇರಬೇಕು, ಡಿಸ್ಕಲ್ಲಿ ಬೇರೆ ಓಎಸ್ ಇದೆಯಾ ಅಂತ ಹುಡುಕೋ ಪ್ರೋಗ್ರಾಮ್ ಅದು, ಗ್ರಬ್ 2.06ರಿಂದ ಅದನ್ನ ಸುಮ್ಮನೆ ಇದ್ದಂಗೇ ಆಫ್ ಮಾಡಿಟ್ಟಿರ್ತಾರೆ. ಡೀಫಾಲ್ಟ್ ಫೋಲ್ಡರಿನ ಗ್ರಬ್ ಫೈಲಲ್ಲಿ ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಅನ್ನೋದನ್ನ ಫಾಲ್ಸ್ ಮಾಡಿ, ಅಪ್‌ಡೇಟ್-ಗ್ರಬ್ ಓಡಿಸಿ. ಓಎಸ್-ಪ್ರೋಬರಿಗೆ ಪದ ಮಾತ್ರ ಕೇಳಬೇಡಿ.

ಅಚ್ಚಗನ್ನಡ:

ಅರಸುಕ.

ಹುಬ್ಬಳ್ಳಿಯಾಂವ:

ತಲಾಟಿ.